ಬಸ್ಸಾರಿಗೆ ರುಚಿ ಬರದಿದ್ದರೆ ಮಸಾಲೆಯನ್ನಲ್ಲ, ಕಟ್ಟನ್ನು ನೋಡಿ

ಪುಣೆಯಿಂದ ಪ್ರಶ್ನೆ ಕೇಳಿರುವವರಿಗೆ ಈ ಉತ್ತರ. ಬಸ್ಸಾರು ಎಂದರೆ ಬೇಳೆ, ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಮಾಡುವ ಸಾರು, ಬಸಿದು ಉಳಿದದ್ದು ಪಲ್ಯಕ್ಕೆ. ಅಮ್ಮನ ಕೈಯ ಬಸ್ಸಾರಿನ ರುಚಿ ಬರುತ್ತಿಲ್ಲ, ಸಾರು ನೀರುನೀರಾಗಿ ಇರುತ್ತದೆ, ಪಲ್ಯ ಮುದ್ದೆಯಾಗುತ್ತದೆ, ರಾಗಿ ಮುದ್ದೆ ಮಾತ್ರ ಮುದ್ದೆಯಾಗದೆ ಗಂಟಾಗುತ್ತದೆ ಎಂದು ಬರೆದಿದ್ದೀರಿ. ಇದುವರೆಗೆ ಬಂದ ಉತ್ತರಗಳೆಲ್ಲ ಮಸಾಲೆಯ ಸುತ್ತಲೇ ತಿರುಗಿವೆ. ಒಬ್ಬರು ಚಕ್ಕೆ, ಲವಂಗ ಸೇರಿಸಿ ಎಂದಿದ್ದಾರೆ, ಇನ್ನೊಬ್ಬರು ಅಂಗಡಿಯ ಸಾಂಬಾರ್ ಪುಡಿಯನ್ನು ಎರಡರಷ್ಟು ಮಾಡಿ ಎಂದಿದ್ದಾರೆ. ಅವರವರ ಮನೆಯ ರುಚಿ ಅವರವರಿಗೆ. ಆದರೆ ನಮ್ಮ ನಾಗಮಂಗಲದ ಕಡೆ ಬಸ್ಸಾರಿಗೆ ಲವಂಗ ಬಿದ್ದರೆ ಅದನ್ನು ಸೊಪ್ಪಿನ ಕುರ್ಮ ಎಂದು ಕರೆದು, ಸಾರು ಎಲ್ಲಿ ಎಂದು ಕೇಳುತ್ತಾರೆ.

ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಬೇಳೆ, ಸೊಪ್ಪು ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ, ಎರಡು ಲೋಟ ನೀರು ಸುರಿದು, ಮೂರು ಸೀಟಿ ಕೂಗಿಸುತ್ತೇನೆ ಎಂದಿದ್ದೀರಿ. ಅಷ್ಟು ಹೊತ್ತಿಗೆ ಬೇಳೆ ಕರಗಿ, ಸೊಪ್ಪು ನಾರಾಗಿ, ಬಸಿಯುವುದಕ್ಕೆ ಏನೂ ಉಳಿದಿರುವುದಿಲ್ಲ. ಸಾರು ಸಾಲದೆ ಬಂದಾಗ ಬಿಸಿನೀರು ಬೆರೆಸುತ್ತೀರಿ. ಬಸ್ಸಾರಿನ ಜೀವವೆಲ್ಲ ಬಸಿದ ನೀರಿನಲ್ಲಿ, ಅಂದರೆ ಕಟ್ಟಿನಲ್ಲಿ ಇರುತ್ತದೆ. ಹಬ್ಬದ ದಿನ ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟಿನಿಂದ ಹೋಳಿಗೆ ಸಾರು ಮಾಡುವುದೂ ಇದೇ ಲೆಕ್ಕದಲ್ಲಿಯೇ. ಅಲ್ಲಿ ಯಾರೂ ಬೇಳೆಯನ್ನು ಕರಗಿಸುವುದಿಲ್ಲ.

ನಾಲ್ಕು ಜನರಿಗೆ ಮುಕ್ಕಾಲು ಲೋಟ ತೊಗರಿಬೇಳೆ, ಎರಡು ದಪ್ಪ ಕಂತೆ ಸೊಪ್ಪು, ಆರು ಲೋಟ ನೀರು. ಬಾಯಿ ಅಗಲವಿರುವ ಪಾತ್ರೆ ಇರಲಿ, ಕುಕ್ಕರ್ ಬೇಡ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ನೀರು ಕುದಿ ಬಂದ ಮೇಲೆ ಚಿಟಿಕೆ ಅರಿಶಿನ ಮತ್ತು ಅರ್ಧ ಚಮಚ ಎಣ್ಣೆಯ ಜೊತೆ ಹಾಕಿ. ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯಿರಿ. ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಬೇಳೆ ಬೆರಳಿಗೆ ಸಿಕ್ಕಿ ಹಿಸುಕಿದರೆ ಒಡೆಯುವಂತೆ, ಆದರೆ ತನ್ನ ಆಕಾರ ಬಿಡದಂತೆ ಬೆಂದಿರುತ್ತದೆ. ಆಗ ಮಾತ್ರ ಹೆಚ್ಚಿದ ಸೊಪ್ಪು, ಅದರ ಜೊತೆಗೇ ಉಪ್ಪು. ಸೊಪ್ಪು ಬಿದ್ದ ಮೇಲೆ ಮುಚ್ಚಳ ಮುಚ್ಚಬೇಡಿ, ಬಣ್ಣ ಕೆಡುತ್ತದೆ. ಏಳೆಂಟು ನಿಮಿಷ ಸಾಕು. ಜರಡಿಯಲ್ಲಿ ಬಸಿದು, ಕಟ್ಟು ಇಳಿಯಲು ಹತ್ತು ನಿಮಿಷ ಸುಮ್ಮನೆ ಬಿಡಿ. ಸೌಟಿನಿಂದ ಒತ್ತಿ ಹಿಂಡಿದರೆ ಕಟ್ಟು ರಾಡಿಯಾಗುತ್ತದೆ, ಪಲ್ಯವೂ ಹಾಳಾಗುತ್ತದೆ. ನಾಲ್ಕು ಲೋಟದಷ್ಟು ಕಟ್ಟು ಸಿಗಬೇಕು. ಒಂದು ಚಮಚ ಬಾಯಿಗೆ ಹಾಕಿ ನೋಡಿ: ಮಸಾಲೆ ಇಲ್ಲದೆಯೇ ಕುಡಿಯಬೇಕು ಎನಿಸಬೇಕು. ಎನಿಸದಿದ್ದರೆ ಮಸಾಲೆಯೂ ಅದನ್ನು ಉಳಿಸಲಾರದು.

ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಅಡುಗೆ ಸೋಡಾ ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಸೋಡಾ ಬೇಳೆಯನ್ನು ಬೇಗ ಮೆತ್ತಗೆ ಮಾಡುತ್ತದೆ ನಿಜ, ಆದರೆ ಸೊಪ್ಪನ್ನು ಲೋಳೆ ಮಾಡುತ್ತದೆ, ಬಿ ಗುಂಪಿನ ಜೀವಸತ್ವಗಳನ್ನೂ ಕೆಡಿಸುತ್ತದೆ, ಕಟ್ಟಿಗೆ ಸೋಪಿನ ವಾಸನೆಯನ್ನೂ ಬಿಡುತ್ತದೆ. ನಿಮ್ಮ ಬಡಾವಣೆಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುತ್ತಿದ್ದರೆ ತೊಂದರೆ ಅಲ್ಲೇ ಇರಬಹುದು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ತಿರುಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಕುಡಿಯಲು ಬಳಸುವ ಶುದ್ಧೀಕರಿಸಿದ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ. ಹುಣಸೆ, ಟೊಮೆಟೊ ಯಾವುದನ್ನೂ ಬೇಳೆ ಬೇಯುವ ಮೊದಲು ಹಾಕಬೇಡಿ, ಹುಳಿ ಸಹ ಬೇಳೆಯನ್ನು ಬಿಗಿ ಮಾಡುತ್ತದೆ.

ಸೊಪ್ಪಿನ ವಿಚಾರಕ್ಕೆ ಬರೋಣ. ಅಲ್ಲಿ ದಂಟು, ಹರಿವೆ ಸಿಗುವುದಿಲ್ಲ ಎಂದು ಪಾಲಕ್ ಬಳಸುತ್ತಿದ್ದೀರಿ. ಪಾಲಕ್‌ನಿಂದ ಒಳ್ಳೆಯ ಬಸ್ಸಾರು ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬೇಗ ಕರಗುತ್ತದೆ, ಕಟ್ಟಿಗೆ ನಾಲಿಗೆ ಹಿಡಿಯುವ ಒಗರು ಬಿಡುತ್ತದೆ. ನಿಮ್ಮ ಮಂಡಿಯಲ್ಲಿ ಮಾಠ್, ಲಾಲ್ ಮಾಠ್ ಎಂದು ಕೇಳಿ, ಅದು ನಮ್ಮ ಹರಿವೆಯ ಕುಲವೇ. ಶೇಪು ಎಂದರೆ ಸಬ್ಬಸಿಗೆ. ಚಾಕವತ್ ನಮ್ಮ ಚಕ್ಕೋತಕ್ಕೆ ಹತ್ತಿರ. ಮಾಠ್ ಎರಡು ಪಾಲು, ಶೇಪು ಅರ್ಧ ಪಾಲು ಬೆರೆಸಿದರೆ ಬಹಳ ಚೆನ್ನಾಗಿರುತ್ತದೆ. ಸಬ್ಬಸಿಗೆ ಹೆಚ್ಚಾದರೆ ಉಳಿದದ್ದನ್ನೆಲ್ಲ ಅದೇ ನುಂಗಿಬಿಡುತ್ತದೆ. ಊರಿನಲ್ಲಿ ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ ಎಲ್ಲವನ್ನೂ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದುದು ನಿಮಗೂ ನೆನಪಿರಬಹುದು. ಅದನ್ನು ಪೇಟೆಯಲ್ಲಿ ಹುಡುಕಿ ನಿರಾಶರಾಗಬೇಡಿ. ಗುರುತು ಗೊತ್ತಿಲ್ಲದ ಸೊಪ್ಪನ್ನು ರಸ್ತೆಬದಿಯಿಂದ ಕೀಳುವುದಂತೂ ಬೇಡವೇ ಬೇಡ.

ಬೇಳೆಯ ಬದಲು ಕಾಳು ಹಾಕುವುದಾದರೆ ಅಲಸಂದೆ ಅಲ್ಲಿ ಚವಳಿ, ಹುರುಳಿ ಅಲ್ಲಿ ಕುಳೀಥ್. ರಾತ್ರಿ ನೆನೆಸಿ, ಬೆಳಿಗ್ಗೆ ಹೊಸ ನೀರಿನಲ್ಲಿ ಬೇಯಿಸಿ. ಕಾಳಿಗೆ ಕುಕ್ಕರ್ ಬಳಸಿದರೆ ತಪ್ಪಿಲ್ಲ, ಆದರೆ ಮುಕ್ಕಾಲು ಭಾಗ ಬೆಂದ ಮೇಲೆ ಮುಚ್ಚಳ ತೆಗೆದು ಸೊಪ್ಪು ಹಾಕಿ. ಹುರುಳಿಗೆ ಸೊಪ್ಪೇ ಬೇಕಿಲ್ಲ, ಅದರ ಕಟ್ಟು ಒಂದೇ ಸಾಕು. ಮೇಲೆ ಒಬ್ಬರು ರಾಜ್ಮಾ ಕಾಳಿನ ಬಸ್ಸಾರು ಎಂದು ಬರೆದಿದ್ದಾರೆ. ರುಚಿಯ ತಕರಾರು ಪಕ್ಕಕ್ಕಿರಲಿ, ರಾಜ್ಮಾ ನೆನೆಸಿದ ನೀರನ್ನು ಚೆಲ್ಲಲೇಬೇಕು, ಕಾಳನ್ನು ಪೂರ್ತಿ ಮೆತ್ತಗಾಗುವವರೆಗೆ ಜೋರಾಗಿ ಕುದಿಸಲೇಬೇಕು. ಅರೆಬೆಂದ ರಾಜ್ಮಾದಿಂದ ವಾಂತಿ, ಭೇದಿ ಆಗುತ್ತದೆ.

ಈಗ ಮಸಾಲೆ. ಮಧ್ಯಮ ಗಾತ್ರದ ಒಂದು ಈರುಳ್ಳಿಯನ್ನು ಸಿಪ್ಪೆ ಸಮೇತ ಉರಿಯ ಮೇಲಿಟ್ಟು ಹೊರಪದರ ಕಪ್ಪಾಗುವವರೆಗೆ ಸುಡಿ. ಹಳ್ಳಿಯ ಒಲೆಯ ಕೆಂಡದಲ್ಲಿ ಹೂತಿಟ್ಟು ಸುಡುತ್ತಿದ್ದರು, ಗ್ಯಾಸಿನ ಉರಿಯಲ್ಲೂ ಆಗುತ್ತದೆ. ಈ ಒಂದು ಕೆಲಸವನ್ನು ಬಿಡಬೇಡಿ, ಎಣ್ಣೆಯಲ್ಲಿ ಹುರಿದ ಈರುಳ್ಳಿಗೆ ಆ ಹೊಗೆಯ ವಾಸನೆ ಇರುವುದಿಲ್ಲ. ಸಿಪ್ಪೆ ತೆಗೆದು, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಎರಡು ಚಮಚ ಮನೆಯ ಸಾರಿನ ಪುಡಿ, ಒಂದು ಟೊಮೆಟೊ, ಅಡಿಕೆ ಗಾತ್ರದ ಹುಣಸೆ, ಮೂರು ಚಮಚ ತೆಂಗಿನ ತುರಿ, ಇವುಗಳ ಜೊತೆಗೆ ಬಸಿದಿಟ್ಟ ಬೇಳೆ ಸೊಪ್ಪಿನಿಂದ ಒಂದು ಸೌಟು ತೆಗೆದುಕೊಂಡು ನುಣ್ಣಗೆ ರುಬ್ಬಿ. ಸಾರಿಗೆ ಹಿಡಿತ ಕೊಡುವುದು ಆ ಒಂದು ಸೌಟು. ನೀರುನೀರಾಗುತ್ತದೆ ಎಂದು ತೆಂಗಿನಕಾಯಿ ಹೆಚ್ಚಿಸುತ್ತಾ ಹೋದರೆ ಸಾರು ಸಿಹಿಯಾಗುತ್ತದೆ, ಮರುದಿನಕ್ಕೂ ನಿಲ್ಲುವುದಿಲ್ಲ. ಸಾರಿನ ಪುಡಿ ಇಲ್ಲದಿದ್ದರೆ ಎರಡು ಚಮಚ ಕೊತ್ತಂಬರಿ ಬೀಜ, ಐದಾರು ಬ್ಯಾಡಗಿ ಮೆಣಸಿನಕಾಯಿ ಹುರಿದು ರುಬ್ಬಿ. ಬ್ಯಾಡಗಿ ಬಣ್ಣಕ್ಕೆ, ಖಾರ ಬೇಕಿದ್ದವರು ಒಂದು ಗುಂಟೂರು ಸೇರಿಸಿಕೊಳ್ಳಲಿ.

ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆಗೆ ಮಸಾಲೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಕಟ್ಟು ಸುರಿದು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಉಪ್ಪನ್ನು ಕೊನೆಗೆ ನೋಡಿ, ಕಟ್ಟಿನಲ್ಲಿ ಈಗಾಗಲೇ ಇದೆ. ಪಲ್ಯಕ್ಕೆ ವಿಶೇಷವೇನೂ ಇಲ್ಲ: ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ, ಬಸಿದ ಬೇಳೆ ಸೊಪ್ಪು, ಮೇಲೆ ಕಾಯಿತುರಿ. ಬೇಳೆ ಬಿಡಿಬಿಡಿಯಾಗಿದ್ದರೆ ಅದು ತಾನಾಗಿಯೇ ಚೆನ್ನಾಗಿರುತ್ತದೆ.

ಕಚೇರಿಯಿಂದ ತಡವಾಗಿ ಬರುವ ದಿನ ಇಷ್ಟೆಲ್ಲ ಆಗುವುದಿಲ್ಲ ಎಂದಿದ್ದೀರಿ. ಆ ದಿನಕ್ಕೆ ಉಪ್ಪುಸಾರು ಇದೆ, ನನ್ನನ್ನು ಕೇಳಿದರೆ ಬಸ್ಸಾರಿಗಿಂತ ಒಂದು ಕೈ ಮೇಲು. ಕಟ್ಟು ಇದೇ, ಮಸಾಲೆ ಇಲ್ಲ. ಖಾರವನ್ನು ಬೇರೆಯಾಗಿ ರುಬ್ಬಿಕೊಳ್ಳಬೇಕು: ಹನಿ ಎಣ್ಣೆಯಲ್ಲಿ ಬಾಡಿಸಿದ ಏಳೆಂಟು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಕಲ್ಲುಪ್ಪು, ಹಿಡಿ ಕೊತ್ತಂಬರಿ ಸೊಪ್ಪು. ನೀರು ತಾಕಿಸದೆ ರುಬ್ಬಿದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ತಟ್ಟೆಯಲ್ಲಿ ಬಿಸಿ ಕಟ್ಟು ಬಡಿಸಿಕೊಂಡು, ಅಂಚಿನಲ್ಲಿ ಖಾರ ಇಟ್ಟುಕೊಂಡು, ತಮಗೆ ಬೇಕಾದಷ್ಟು ಕದಡಿಕೊಳ್ಳುವುದು. ಒಂದೇ ಪಾತ್ರೆಯ ಕಟ್ಟಿನಲ್ಲಿ ಮಗಳಿಗೆ ಸಪ್ಪೆ, ನಿಮಗೆ ಖಾರ ಎರಡೂ ಆಗುತ್ತದೆ. ಮೇಲೆ ಬೆಣ್ಣೆ ಇದ್ದರೆ ತುಪ್ಪವನ್ನು ಮುಟ್ಟಬೇಡಿ.

ಮುದ್ದೆಯದು ಸ್ವಲ್ಪ ಉದ್ದದ ಮಾತು. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ. ಬಿಸಿನೀರಿನಲ್ಲಿ ಪಿಷ್ಟ ಬೆಂದು ಅಂಟಾದಾಗ ಮಾತ್ರ ಹಿಟ್ಟು ಒಂದಾಗುತ್ತದೆ. ಆದ್ದರಿಂದ ನೀವು ಮಾಡುತ್ತಿರುವಂತೆ ಬಿಸಿನೀರಿಗೆ ಹಿಟ್ಟು ಹಾಕಿದ ಕೂಡಲೇ ತಿರುವಿದರೆ ಗಂಟು ಕಟ್ಟುವುದು ಸಹಜ: ಹೊರಗಿನ ಹಿಟ್ಟು ಬೆಂದು ಒಳಗಿನ ಒಣ ಹಿಟ್ಟನ್ನು ಮುಚ್ಚಿಬಿಡುತ್ತದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಇಡಿ. ಅದರಲ್ಲಿ ಸ್ವಲ್ಪ ತಣ್ಣೀರಿಗೆ ಒಂದು ಚಮಚ ಹಿಟ್ಟು ಕದಡಿ, ಉಳಿದ ನೀರು ಕಾಯುವಾಗ ಸೇರಿಸಿ, ತೆಳು ಅಂಬಲಿಯಂತೆ ಕುದಿಯಲಿ. ಉಪ್ಪು ಹಾಕುವುದು ನಿಮ್ಮ ಇಷ್ಟ, ನಮ್ಮಲ್ಲಿ ಹಾಕುವುದಿಲ್ಲ. ಚೆನ್ನಾಗಿ ಕುದಿ ಬಂದಾಗ ಉಳಿದ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಗುಡ್ಡೆಯ ಮಧ್ಯೆ ಒಂದು ತೂತು ಮಾಡಿ, ಕೈ ಕಟ್ಟಿಕೊಂಡು ನಿಲ್ಲಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ. ಅಂಬಲಿ ಆ ತೂತಿನಿಂದ ಉಕ್ಕಿ ಗುಡ್ಡೆಯ ಮೇಲೆ ಹರಿಯುತ್ತದೆ, ಒಣ ಹಿಟ್ಟು ಅಲ್ಲಲ್ಲೇ ಬೇಯುತ್ತದೆ. ಆಮೇಲೆ ಉರಿ ಆರಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ, ಅಂಚಿಗೆ ಒತ್ತುತ್ತಾ ತೊಳಸಿ. ಹಳೆಯ ಮನೆಗಳಲ್ಲಿ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಕಾಲಲ್ಲಿ ಒತ್ತಿಹಿಡಿಯುತ್ತಿದ್ದರು. ನಿಮ್ಮ ಮನೆಯಲ್ಲಿ ಇಕ್ಕಳ ಹಿಡಿಯಲು ಇನ್ನೊಬ್ಬರು ಬೇಕು, ಮುದ್ದೆ ತಿನ್ನುವವರು ಆ ಕೆಲಸ ಮಾಡಲಿ.

ತೊಳಸಿದ ಮೇಲೆ ಕೈಯಲ್ಲಿ ನೀರು ಚಿಮುಕಿಸಿ, ಮುಚ್ಚಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಮತ್ತೆ ಇಡಿ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಒದ್ದೆ ಮಾಡಿದ ಮಣೆಯ ಮೇಲೆ ಬಿಸಿಯಿರುವಾಗಲೇ ಹೊರಳಿಸಿ ಕಟ್ಟಿ, ಆರಿದರೆ ಬಿರುಕು ಬಿಡುತ್ತದೆ. ನೀರಿನ ಅಳತೆಯನ್ನು ದೇವರ ವಾಕ್ಯ ಎಂದು ತಿಳಿಯಬೇಡಿ, ತಳಿಯ ಮೇಲೆ, ಹಿಟ್ಟಿನ ನುಣುಪಿನ ಮೇಲೆ ಒಂದೆರಡು ಚಮಚ ಹೆಚ್ಚು ಕಡಿಮೆ ಆಗುತ್ತದೆ. (ತಳಿ ಎಂದಾಗ ನೆನಪಾಯಿತು: ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರು ದುಡಿದದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ. ರಾಗಿಯ ಮಾತು ಬಂದಾಗ ಅವರ ಹೆಸರು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.)

ಹಿಟ್ಟಿನ ವಿಚಾರದಲ್ಲಿ ಒಂದು ಎಚ್ಚರ. ರಾಗಿ ಕಾಳು ವರ್ಷಗಟ್ಟಲೆ ಇರುತ್ತದೆ, ಹುಳು ಮುಟ್ಟುವುದು ಅಪರೂಪ, ಹಿಂದೆ ನೆಲದೊಳಗಿನ ಹಗೇವಿನಲ್ಲಿ ತುಂಬಿ ಬರಗಾಲಕ್ಕೆಂದು ಇಡುತ್ತಿದ್ದುದು ಅದಕ್ಕೇ. ಆದರೆ ಹಿಟ್ಟಿಗೆ ಆ ಆಯುಷ್ಯವಿಲ್ಲ. ಅಂಗಡಿಯಲ್ಲಿ ನಾಚಣಿ ಹಿಟ್ಟು ಎಂದು ಮಾರುವ ಪೊಟ್ಟಣ ಎಷ್ಟು ಹಳೆಯದೋ ತಿಳಿಯದು, ಜಿಗುಟು ಕಡಿಮೆಯಾಗಿ ಮುಗ್ಗಲು ವಾಸನೆ ಬಂದಿದ್ದರೆ ಯಾವ ತಂತ್ರವೂ ನಡೆಯುವುದಿಲ್ಲ. ಕಾಳು ಕೊಂಡು, ಕಲ್ಲು ಆರಿಸಿ, ಗಿರಣಿಯಲ್ಲಿ ತಿಂಗಳಿಗೆ ಬೇಕಾದಷ್ಟೇ ಬೀಸಿಸಿಕೊಳ್ಳಿ. ಗೋಧಿ ಬೀಸಿದ ಗಿರಣಿಯಲ್ಲಿ ಮೊದಲ ಒಂದು ಹಿಡಿ ಹಿಟ್ಟನ್ನು ಬೇರೆ ತೆಗೆಯಲು ಹೇಳಿ.

ಇಂಡಕ್ಷನ್ ಒಲೆಯಲ್ಲಿ ಮುದ್ದೆ ಆಗುತ್ತದೆಯೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಆಗುತ್ತದೆ, ದಪ್ಪ ತಳದ ಸ್ಟೀಲ್ ಪಾತ್ರೆ ಇದ್ದರೆ. ಗುಡ್ಡೆ ಬೇಯುವ ಹೊತ್ತಿಗೆ ಶಾಖವನ್ನು ಅತಿ ಕಡಿಮೆಗೆ ಇಳಿಸಿ, ಇಲ್ಲವಾದರೆ ತಳ ಸೀದು ಆ ವಾಸನೆ ಇಡೀ ಮುದ್ದೆಗೆ ಹತ್ತುತ್ತದೆ. ತೊಳಸುವುದನ್ನು ಒಲೆಯ ಗಾಜಿನ ಮೇಲೆ ಖಂಡಿತ ಮಾಡಬೇಡಿ.

ಸಾರು ಉಳಿದರೆ ರಾತ್ರಿಯೇ ಒಮ್ಮೆ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಮಸಾಲೆ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ, ಅನ್ನಕ್ಕೆ ಆ ದಿನದ ಸಾರೇ ಸೊಗಸು. ಈ ಭಾನುವಾರ ಲಾಲ್ ಮಾಠ್ ಹಾಕಿ ಮಾಡಿ ನೋಡಿ. ಕಟ್ಟು ಬೀಟ್‌ರೂಟ್ ಬಣ್ಣದಲ್ಲಿ ಇಳಿಯುತ್ತದೆ, ಅದು ಇರುವುದೇ ಹಾಗೆ, ಹೆದರಿ ಚೆಲ್ಲಬೇಡಿ. ಮುದ್ದೆ ಇನ್ನೂ ಗಂಟಾದರೆ ಹಿಟ್ಟು ಸುರಿದ ಮೇಲಿನ ಪಾತ್ರೆಯ ಒಂದು ಚಿತ್ರ ಹಾಕಿ, ನೀರು ಸಾಲದೋ ಹೊತ್ತು ಸಾಲದೋ ನೋಡಿ ಹೇಳುತ್ತೇನೆ.