ಹೊಟ್ಟೆಯೊಳಗಿನ ಕಿವಿಗೆ ಮೊಬೈಲ್ ತರಂಗ ತಾಗುತ್ತದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೀಗ ಏಳು ತಿಂಗಳು. ಮನೆಯಿಂದಲೇ ಕೆಲಸ. ಮೇಜಿನ ಮೇಲೆ ವೈಫೈ ರೂಟರ್, ತೊಡೆಯ ಮೇಲೆ ಲ್ಯಾಪ್‌ಟಾಪ್, ಮೊಬೈಲ್ ಯಾವಾಗಲೂ ನೈಟಿಯ ಜೇಬಿನಲ್ಲಿ. ಮಗುವಿನ ಕಿವಿ ಹಾಳಾಗುತ್ತದೆ ಅಂತ ಅತ್ತೆ ದಿನಾ ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಮಗುವಿನ ಕಿವಿಯ ಕಟ್ಟಡ ಈ ಹೊತ್ತಿಗೆ ಬಹುಪಾಲು ಎದ್ದಾಗಿದೆ. ನಾಲ್ಕನೇ ವಾರದ ಸುಮಾರಿಗೆ ಭ್ರೂಣದ ತಲೆಯ ಎರಡೂ ಬದಿ ಚರ್ಮ ಗುಳಿ ಬೀಳುವುದರಿಂದ ಒಳಗಿವಿ ಶುರುವಾಗುತ್ತದೆ. ಹತ್ತನೇ ವಾರದ ಆಸುಪಾಸಿಗೆ ಅದು ಎರಡೂವರೆ ಸುತ್ತಿನ ಶಂಖ. 25ರಿಂದ 28 ವಾರದೊಳಗೆ ಮಗು ದೊಡ್ಡ ಸದ್ದಿಗೆ ಬೆಚ್ಚುತ್ತದೆ. ಉಳಿಯುವುದು ಒಳಗಿನ ತಂತಿ ಕೆಲಸ. ಕಿವಿಯ ನರದಿಂದ ಮಿದುಳಿನ ಕಾಂಡಕ್ಕೆ ಸಂದೇಶ ಓಡುವ ವೇಗ ಹುಟ್ಟಿದ ಮೇಲೂ ಸುಮಾರು ಎರಡು ವರ್ಷ ಹೆಚ್ಚುತ್ತಲೇ ಇರುತ್ತದೆ.

ರೇಡಿಯೋ ತರಂಗಕ್ಕೆ ಎಕ್ಸ್‌ರೇಯಂತೆ ಡಿಎನ್ಎ ಕತ್ತರಿಸುವ ಶಕ್ತಿಯಿಲ್ಲ. ಅದು ಅಂಗಾಂಶವನ್ನು ಬಿಸಿ ಮಾಡುತ್ತದೆ ಎಂಬುದಷ್ಟೇ ಚೆನ್ನಾಗಿ ಸಾಬೀತಾಗಿರುವ ಪರಿಣಾಮ, ಸುರಕ್ಷತಾ ಮಿತಿಗಳನ್ನು ಕಟ್ಟಿರುವುದೂ ಅದರ ಮೇಲೆಯೇ. 4ಜಿ ಮೊಬೈಲ್ ಗರಿಷ್ಠ 0.2 ವಾಟ್ ಸೂಸುತ್ತದೆ, ವೈಫೈ ರೂಟರ್ 0.1 ವಾಟ್ ಆಸುಪಾಸು, ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ 0.0025 ವಾಟ್. ಇದರಲ್ಲಿ ಹೊಟ್ಟೆಯ ಒಳಗಿವಿಗೆ ಮುಟ್ಟುವುದು ಇನ್ನೂ ಕಡಿಮೆ. 900 ಮೆಗಾಹರ್ಟ್ಸ್ ತರಂಗ ಸ್ನಾಯುವಿನಲ್ಲಿ 4 ಸೆಂ.ಮೀ. ಸಾಗುವಷ್ಟರಲ್ಲಿ ಅದರ ಶಕ್ತಿ ಏಳರಲ್ಲೊಂದು ಪಾಲಿಗೆ ಇಳಿದಿರುತ್ತದೆ.

ಹಾಗಾಗಿ ರೂಟರನ್ನು ರಾತ್ರಿ ಆರಿಸುವ ಶಾಸ್ತ್ರ ಬೇಡ. ಅದು ಒಂದು ಮಾರು ದೂರದಲ್ಲಿದ್ದರೆ ಸಾಕು. ಜೇಬಿನ ಫೋನು, ತೊಡೆಯ ಲ್ಯಾಪ್‌ಟಾಪು ಎರಡನ್ನು ಮಾತ್ರ ಮೇಜಿಗೆ ಎತ್ತಿಡಿ. ಮೂರರಲ್ಲಿ ಮೈಗೆ ಅಂಟಿಕೊಂಡಿರುವುದು ಅವೆರಡೇ, ತೆಗೆದಿಡಲು ಖರ್ಚೂ ಇಲ್ಲ. ಸಿಗ್ನಲ್ ಒಂದೇ ಕಡ್ಡಿ ಇರುವ ಕೋಣೆಯಲ್ಲಿ ಉದ್ದ ಕರೆ ಮಾಡಬೇಡಿ. ಟವರ್ ಸಿಗದಾಗಲೇ ಫೋನ್ ಪೂರ್ತಿ ಶಕ್ತಿಗೆ ಏರುವುದು. ವಿಕಿರಣ ತಡೆಯುವ ಹೊಟ್ಟೆಪಟ್ಟಿ, ಫೋನಿನ ಹಿಂದೆ ಅಂಟಿಸುವ ಚಿನ್ನದ ಬಣ್ಣದ ಸ್ಟಿಕ್ಕರು ಕೊಳ್ಳಬೇಡಿ. ಸ್ಟಿಕ್ಕರ್ ಆಂಟೆನಾವನ್ನು ನಿಜವಾಗಿಯೂ ಮರೆಮಾಡಿದರೆ ಫೋನ್ ಇನ್ನಷ್ಟು ಜೋರಾಗಿ ಸೂಸುತ್ತದೆ. ಮರೆಮಾಡದಿದ್ದರೆ ದುಡ್ಡು ದಂಡ.

ಪ್ರಶ್ನೆ: ಇಲಿಮರಿಗಳ ಮೇಲಿನ ಕೆಲವು ಪ್ರಬಂಧಗಳು ಬೆರಾ ಅಲೆ (ಸದ್ದು ಕೇಳಿದಾಗ ಕಿವಿಯ ನರ, ಮಿದುಳಿನ ಕಾಂಡದಲ್ಲಿ ಏಳುವ ವಿದ್ಯುತ್ ಅಲೆ) ತಡವಾಯಿತು ಎನ್ನುತ್ತವೆ, ಕೆಲವು ಏನೂ ಆಗಲಿಲ್ಲ ಎನ್ನುತ್ತವೆ. ಯಾವುದನ್ನು ನಂಬುವುದು?
— ಶ್ರವಣ ವಿಜ್ಞಾನದ ವಿದ್ಯಾರ್ಥಿ, ಮಂಗಳೂರು

ಉತ್ತರ: ಫಲಿತಾಂಶ ಬಿಟ್ಟು ಮೊದಲು ಪ್ರಯೋಗದ ವಿಧಾನ ಓದಿ. ಮಾಮೂಲಿ ಮೊಬೈಲಿಗೆ ಕರೆ ಹಚ್ಚಿ ಪಂಜರದ ಮೇಲಿಟ್ಟಿದ್ದಾರೆಯೇ? ಹಾಗಿದ್ದರೆ ಡೋಸ್ ಎಷ್ಟೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ಫೋನು ಟವರಿನ ಅಪ್ಪಣೆಯಂತೆ ಶಕ್ತಿಯನ್ನು ಏರಿಳಿಸುತ್ತಿರುತ್ತದೆ, ಇಲಿ ಮೂಲೆ ಸೇರಿದರೆ ದೂರವೂ ಬದಲಾಗುತ್ತದೆ. ರಿಂಗು, ಕಂಪನ ಬಂದ್ ಮಾಡಿದ್ದರೇ ಎಂಬುದನ್ನೂ ನೋಡಿ. ಶ್ರವಣದ ಪ್ರಯೋಗದಲ್ಲಿ ಅದೊಂದನ್ನು ಮರೆತರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ.

ಎರಡನೆಯದು ಮೈ ಅಳತೆ. 900 ಮೆಗಾಹರ್ಟ್ಸ್ ತರಂಗದ ಉದ್ದ 33 ಸೆಂ.ಮೀ. ಪ್ರಾಣಿಯ ಮೈಯುದ್ದ ಅದರ ಹತ್ತರಲ್ಲಿ ನಾಲ್ಕು ಪಾಲಿನಷ್ಟಿದ್ದಾಗ, ಅಂದರೆ 13 ಸೆಂ.ಮೀ. ಆಸುಪಾಸಿನಲ್ಲಿ, ಮೈ ಅತಿ ಹೆಚ್ಚು ಶಕ್ತಿ ಹೀರುತ್ತದೆ. ಬೆಳೆಯುವ ಇಲಿ ಸರಿಯಾಗಿ ಆ ಅಳತೆಗೆ ಬರುತ್ತದೆ. ದೊಡ್ಡ ಮನುಷ್ಯನ ಮೈ ಹಾಗೆ ಹೀರುವುದು 70 ಮೆಗಾಹರ್ಟ್ಸ್ ಸುತ್ತಮುತ್ತ. ಒಂದೇ ತರಂಗ ಇಲಿಯ ಇಡೀ ಮೈಯನ್ನು ಬಿಸಿ ಮಾಡಿ ಮನುಷ್ಯನಲ್ಲಿ ಚರ್ಮದಡಿಯಲ್ಲೇ ಕರಗಬಹುದು. ಆದ್ದರಿಂದ ಮೈ ಕಿಲೋಗೆ ಎಷ್ಟು ವಾಟ್ ಹೀರಿತು ಎಂಬ ಲೆಕ್ಕವಿಲ್ಲದ ಪ್ರಬಂಧವನ್ನು ಪಕ್ಕಕ್ಕಿಡಿ.

ಮೂರನೆಯದು ವಯಸ್ಸು. ಇಲಿಮರಿ ಹುಟ್ಟುವಾಗ ಕಿವಿ ಮುಚ್ಚಿರುತ್ತದೆ, ಕೇಳಲು ಶುರುವಾಗುವುದು ಸುಮಾರು 12ನೇ ದಿನ. ನಮ್ಮ ಮಗು ಹೊಟ್ಟೆಯಲ್ಲೇ ದಾಟುವ ಘಟ್ಟವನ್ನು ಅದು ಪಂಜರದಲ್ಲಿ ದಾಟುತ್ತದೆ. ಬಸಿರಿ ಇಲಿಗೆ ಮಾತ್ರ ತರಂಗ ಕೊಟ್ಟ ಪ್ರಯೋಗ, ಕಿವಿ ಕೆಲಸಕ್ಕಿಳಿಯುವ ಆ ಹೊತ್ತನ್ನೇ ಬಿಟ್ಟುಬಿಟ್ಟಿರುತ್ತದೆ.

ಇನ್ನು ಬೆರಾ. ಅರಿವಳಿಕೆ ಕೊಟ್ಟ ಇಲಿಯ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ಅಲೆ ತಡವಾಗುತ್ತದೆ. ಅಡಿಗೆ ಬಿಸಿ ಹಾಸು ಹಾಕಿ, ಗುದದ ಉಷ್ಣಾಂಶ ಬರೆದಿಡದಿದ್ದರೆ ಆ ತಡ ತರಂಗದ್ದೋ ತಂಪಿನದ್ದೋ ಹೇಳಲಾಗದು. ಐದು ತಾಯಿಯರ ನಲವತ್ತು ಮರಿಗಳನ್ನು ನಲವತ್ತು ಎಂದೇ ಎಣಿಸಿದ್ದರೆ ಅದೂ ತಪ್ಪು. ಒಂದು ಸೂಲಿನ ಮರಿಗಳು ಒಂದನ್ನೊಂದು ಹೋಲುತ್ತವೆ, ಲೆಕ್ಕಕ್ಕೆ ಸಿಗುವುದು ಐದೇ.

2003ರಲ್ಲಿ ತುರ್ಕಿಯವರು ದೊಡ್ಡ ಇಲಿಗಳಿಗೂ ಮರಿಗಳಿಗೂ ದಿನಕ್ಕೆ 1 ಗಂಟೆಯಂತೆ 30 ದಿನ ಮೊಬೈಲ್ ತರಂಗ ಕೊಟ್ಟು ಓಎಇ, ಅಂದರೆ ಸದ್ದಿಗೆ ಒಳಗಿವಿ ತಾನೇ ಹೊರಗೆ ಕಳಿಸುವ ಸಣ್ಣ ಮರುದನಿ, ಅಳೆದರು. ಬದಲಾವಣೆ ಕಾಣಲಿಲ್ಲ. 2004ರ ಫ್ರೆಂಚ್ ಅಧ್ಯಯನದಲ್ಲಿ ಗಿನಿಪಿಗ್‌ಗಳಿಗೆ ಎರಡು ತಿಂಗಳು, ಕಿಲೋಗೆ 4 ವಾಟ್‌ವರೆಗೆ ಕೊಟ್ಟಾಗಲೂ ಓಎಇಯಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಓಎಇ ಹೇಳುವುದು ಒಳಗಿವಿಯ ಹೊರಸಾಲಿನ ಕೂದಲು ಕೋಶಗಳ ಕ್ಷೇಮ ಸಮಾಚಾರ ಮಾತ್ರ, ನರದ ದಾರಿಯದ್ದಲ್ಲ. ನೀವು ಪ್ರಾಜೆಕ್ಟ್ ಮಾಡುವುದಾದರೆ ಓಎಇ, ಬೆರಾ ಎರಡನ್ನೂ ಅಳೆಯಿರಿ.

ಪ್ರಶ್ನೆ: ಮೈಕ್ರೋವೇವ್ ತರಂಗ ಕಿವಿಗೆ ಕೇಳಿಸುತ್ತದಂತೆ, ಹೌದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹೌದು. ಅಮೆರಿಕದ ಅಲನ್ ಫ್ರೇ 1960ರ ದಶಕದ ಆರಂಭದಲ್ಲೇ ಇದನ್ನು ವರದಿ ಮಾಡಿದರು. ರಾಡಾರಿನ ಪ್ರಬಲ, ಅತಿ ಕ್ಷಣಿಕ ಮಿಡಿತ ತಲೆಗೆ ಬಡಿದಾಗ ಅಂಗಾಂಶ ಡಿಗ್ರಿಯ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಬಿಸಿಯಾಗಿ ಥಟ್ಟನೆ ಹಿಗ್ಗುತ್ತದೆ. ಆ ಒತ್ತಡದ ಅಲೆ ಮೂಳೆಯ ಮೂಲಕ ಒಳಗಿವಿ ಮುಟ್ಟಿ ಟಿಕ್ ಟಿಕ್ ಎನಿಸುತ್ತದೆ. ಮೊಬೈಲಿನ ಮಿಡಿತ ಇದಕ್ಕೆ ಏನೇನೂ ಸಾಲದು.

ಪ್ರಶ್ನೆ: ಏಳು ವರ್ಷದ ಮಗಳು ದುಬೈಯಲ್ಲಿರುವ ಅಪ್ಪನ ಜೊತೆ ದಿನಾ ಅರ್ಧ ಗಂಟೆ ಫೋನ್ ಕಿವಿಗೊತ್ತಿ ಮಾತಾಡುತ್ತಾಳೆ.
— ತಾಯಿಯೊಬ್ಬರು, ಭಟ್ಕಳ

ಉತ್ತರ: ಮಾತು ನಿಲ್ಲಿಸಬೇಡಿ, ಫೋನನ್ನು ಕಿವಿಯಿಂದ ತೆಗೆಸಿ. ಮಕ್ಕಳ ಕಿವಿಯ ಹಾಲೆ, ಬುರುಡೆ ಎರಡೂ ತೆಳು. ಫೋನಿಗೆ ಒಳಗಿವಿ ಹತ್ತಿರ. ಡೆನ್ಮಾರ್ಕಿನಲ್ಲಿ 52,680 ಏಳು ವರ್ಷದ ಮಕ್ಕಳನ್ನು ನೋಡಿದ 2013ರ ಅಧ್ಯಯನದಲ್ಲಿ ಫೋನ್ ಬಳಸುವವರಲ್ಲಿ ಶ್ರವಣದೋಷದ ಸಂಭವ ಸುಮಾರು 1.2 ಪಟ್ಟು ಕಂಡಿತ್ತು. ಅಷ್ಟು ಸಣ್ಣ ಅಂತರ ಬೇರೆ ಕಾರಣದಿಂದಲೂ ಬರಬಹುದು, ಇಷ್ಟರಿಂದ ತೀರ್ಮಾನಿಸಲಾಗದು ಎಂದು ಬರೆದವರೇ ಹೇಳಿದ್ದಾರೆ. ನಮಗೂ ಹಾಗೇ ಅನಿಸುತ್ತದೆ. ಸ್ಪೀಕರ್ ಹಾಕಿ ಫೋನನ್ನು ಒಂದು ಅಡಿ ದೂರ ಇಟ್ಟರೆ ತಲೆ ಹೀರುವುದು ತೀರಾ ನಗಣ್ಯ. *#07# ಒತ್ತಿದರೆ ಫೋನಿನ ಎಸ್ಎಆರ್, ಅಂದರೆ ಮೈ ಹೀರುವ ತರಂಗಶಕ್ತಿಯ ಅಂಕಿ, ಬರುತ್ತದೆ; ಭಾರತದಲ್ಲಿ ಮಿತಿ ಕಿಲೋಗೆ 1.6 ವಾಟ್. ಅದು ಗರಿಷ್ಠ ಶಕ್ತಿಯಲ್ಲಿ ಅಳೆದ ಅಂಕಿ. 0.9 ಇರುವ ಫೋನು 1.2 ಇರುವುದಕ್ಕಿಂತ ದಿನಬಳಕೆಯಲ್ಲೂ ಕಡಿಮೆಯೇ ಸೂಸುತ್ತದೆ ಎಂದು ಅರ್ಥವಲ್ಲ.

ಇಯರ್‌ಫೋನ್ ಕೊಡುವುದಾದರೆ ಸದ್ದಿನ ಮೇಲೆ ಕಣ್ಣಿಡಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧಕ್ಕಿಳಿಯಬೇಕು.

ಪ್ರಶ್ನೆ: ಮೊಮ್ಮಗನಿಗೆ ಹತ್ತು ತಿಂಗಳು, ಕರೆದರೆ ತಿರುಗುವುದಿಲ್ಲ. ಸೊಸೆ ದಿಂಬಿನ ಪಕ್ಕ ಫೋನಿಟ್ಟು ಹಾಡು ಹಾಕುತ್ತಿದ್ದಳು. ಅದರಿಂದಲೇ ಹೀಗಾಯಿತೇ?
— ಅಜ್ಜಿ, ಹಾಸನ

ಉತ್ತರ: ಅಮ್ಮಾ, ಸೊಸೆಯನ್ನು ಅನ್ನಬೇಡಿ. ಫೋನಿನ ತರಂಗದಿಂದ ಮಗು ಕಿವುಡಾದದ್ದಕ್ಕೆ ಆಧಾರವಿಲ್ಲ. ಹುಟ್ಟಿದಾಗ ಕಾಮಾಲೆ ವಿಪರೀತ ಏರಿತ್ತೇ, ತೂಕ ಒಂದೂವರೆ ಕಿಲೋಗಿಂತ ಕಡಿಮೆಯಿತ್ತೇ, ಅಮಿಕಾಸಿನ್ ಅಥವಾ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟಿದ್ದರೇ, ಬಸಿರಿನಲ್ಲಿ ರುಬೆಲ್ಲಾ ಆಗಿತ್ತೇ, ತಂದೆತಾಯಿಯದು ಸೋದರ ಸಂಬಂಧವೇ, ಮನೆಯಲ್ಲಿ ಬೇರೆ ಯಾರಿಗಾದರೂ ಕಿವಿ ಕೇಳದೇ? ಇವನ್ನು ಬರೆದುಕೊಂಡು ಈ ವಾರವೇ ಶ್ರವಣ ತಜ್ಞರ ಬಳಿ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಆಗಬಹುದು. ನಿಯಮದಂತೆ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ಚಿಕಿತ್ಸೆ ಶುರುವಾಗಬೇಕಿತ್ತು. ಇನ್ನು ತಡ ಮಾಡಬೇಡಿ.

ತಟ್ಟೆ ಬಡಿದು ತಿರುಗಿದ ಎಂದು ಸಮಾಧಾನಪಡಬೇಡಿ. ಮಗು ಕೈಯಾಡಿದ್ದನ್ನು ನೋಡಿ ತಿರುಗಿರಬಹುದು. ಓಎಇ ಒಂದೇ ಮಾಡಿ ಸರಿಯಿದೆ ಎಂದರೂ, ಕಾಮಾಲೆ ಜಾಸ್ತಿಯಿದ್ದ ಮಗುವಾದರೆ ಬೆರಾ ಕೇಳಿ ಮಾಡಿಸಿ; ನರದ ದೋಷ ಓಎಇಗೆ ಸಿಕ್ಕುವುದಿಲ್ಲ. ಬೆರಾಕ್ಕೆ ಮಗು ನಿದ್ದೆ ಮಾಡಬೇಕು. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ ಕರೆದೊಯ್ದು, ಅಲ್ಲಿಯೇ ಹಾಲು ಕುಡಿಸಿ ಮಲಗಿಸಿ. ತಲೆಗೆ ಎಣ್ಣೆ ಹಚ್ಚಬೇಡಿ, ಹಣೆಗೂ ಕಿವಿಯ ಹಿಂದೆಯೂ ಅಂಟಿಸುವ ಎಲೆಕ್ಟ್ರೋಡ್ ಜಾರುತ್ತದೆ. ಕೋಣೆಯೊಳಗೆ ಎಲ್ಲರ ಮೊಬೈಲೂ ಆಫ್ ಇರಲಿ. ಆ ಯಂತ್ರ ಹುಡುಕುವ ಅಲೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಸಣ್ಣದು. ಮೊಬೈಲ್ ತರಂಗ ಅಲ್ಲಿ ಕೆಡಿಸುವುದು ಮಗುವಿನ ಕಿವಿಯನ್ನಲ್ಲ, ರಿಪೋರ್ಟನ್ನು.