ವಿಮಾ ಸಂಸ್ಥೆ ಚಿಕಿತ್ಸೆಯ ಗುಣಮಟ್ಟವನ್ನೂ ನೋಡುತ್ತದೆಯೇ?

ಆರೋಗ್ಯ ವಿಮಾ ಸಂಸ್ಥೆಯು ಬಿಲ್ ಪಾವತಿಸುವುದಲ್ಲದೆ ಚಿಕಿತ್ಸೆಯ ಗುಣಮಟ್ಟವನ್ನೂ ಗಮನಿಸುತ್ತದೆಯೇ ಎಂದು ತಾವು ಕೇಳಿದ್ದೀರಿ. ಗಮನಿಸುತ್ತದೆ, ಆದರೆ ಎಲ್ಲ ಸಂಸ್ಥೆಗಳೂ ಒಂದೇ ಶ್ರದ್ಧೆಯಿಂದಲ್ಲ. ವೈದ್ಯರನ್ನು ತನ್ನ ಮಾನ್ಯ ವೈದ್ಯರ ಪಟ್ಟಿಗೆ ಸೇರಿಸುವ ಮುನ್ನ ಅವರ ಪದವಿ, ನೋಂದಣಿ ಹಾಗೂ ಹಿಂದಿನ ಶಿಸ್ತುಕ್ರಮಗಳನ್ನು ಪರಿಶೀಲಿಸುವುದು ಮೊದಲ ಹೆಜ್ಜೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಕ್ಲೇಮುಗಳ ಮಾಹಿತಿ: ಇಬ್ಬರು ವೈದ್ಯರು ಬೇರೆಬೇರೆಯಾಗಿ ಬರೆದುಕೊಟ್ಟ ಔಷಧಗಳು ಪರಸ್ಪರ ಹೊಂದದಿದ್ದರೆ, ಅಥವಾ ಬಿಡುಗಡೆಯಾದ 30 ದಿನಗಳೊಳಗೆ ರೋಗಿ ಇನ್ನೊಂದು ಆಸ್ಪತ್ರೆಗೆ ದಾಖಲಾದರೆ, ಎರಡೂ ಕಡೆಯ ವಿವರವನ್ನು ಒಟ್ಟಿಗೆ ಕಂಡು ಎಚ್ಚರಿಸುವ ಅವಕಾಶ ವಿಮಾ ಸಂಸ್ಥೆಗಿರುತ್ತದೆ. ಹಣವೂ ಒಂದು ಹತೋಟಿಯೇ. ಶಸ್ತ್ರಚಿಕಿತ್ಸೆಯ ವೇಳೆ ದೇಹದೊಳಗೆ ವಸ್ತು ಉಳಿದುಹೋಗುವಂತಹ, ಆಸ್ಪತ್ರೆಯಲ್ಲೇ ಉಂಟಾದ ಕೆಲವು ತೊಂದರೆಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2008ರ ಅಕ್ಟೋಬರಿನಿಂದ ನಿಲ್ಲಿಸಿತು. ಚಿಕಿತ್ಸೆಯ ಕುರಿತ ದೂರುಗಳನ್ನು ವೈದ್ಯರೇ ಪರಿಶೀಲಿಸುತ್ತಾರೆಯೇ ಎಂಬುದನ್ನು ತಾವು ದಯವಿಟ್ಟು ತಮ್ಮ ವಿಮಾ ಸಂಸ್ಥೆಯನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.