ಬಲಗೆನ್ನೆಯ ಪೆಟ್ಟಿಗೆ ದಂಡವೆಷ್ಟು?

ಪ್ರಿಯ ಓದುಗರೇ,

ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡು ಎಂಬ ಯೇಸುವಿನ ಮಾತು ಹೇಡಿಗಳಿಗೆ ಹೇಳಿದ್ದಲ್ಲವೇ ಎಂದು ಕೇಳಿದ್ದೀರಿ. ಅದು ಹೊಡೆದವನನ್ನೇ ಪೇಚಿಗೆ ಸಿಕ್ಕಿಸುವ ಉಪಾಯ ಎಂದು ಯಾರೋ ಭಾಷಣದಲ್ಲಿ ಹೇಳಿದ್ದೂ ನಿಮಗೆ ಹಿಡಿಸಿಲ್ಲ. ಉಪಾಯದ ವಾದ ನನಗೂ ಹಿಡಿಸದು. ಆದರೆ ಹೇಡಿತನದ ಮಾತನ್ನು ಒಪ್ಪಲಾರೆ.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿರುವುದು ಬರೀ ಕೆನ್ನೆಯಲ್ಲ, ಬಲಗೆನ್ನೆ. ಎದುರಿಗೆ ನಿಂತವನು ಬಲಗೈಯ ಅಂಗೈ ಬೀಸಿದರೆ ಪೆಟ್ಟು ಬೀಳುವುದು ನಿಮ್ಮ ಎಡಗೆನ್ನೆಗೆ. ಬಲಗೆನ್ನೆಗೆ ಬೀಳಬೇಕಾದರೆ ಹಿಂಗೈಯಲ್ಲಿ ಬಾರಿಸಬೇಕು. ನೋವು ಕಡಿಮೆ, ನಾಲ್ಕು ಜನರೆದುರು ಮಾನ ಹೋಗುವುದು ಹೆಚ್ಚು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ, ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಇದಕ್ಕೆ ದರಪಟ್ಟಿಯೇ ಇದೆ: ಕೆನ್ನೆಗೆ ಹೊಡೆದರೆ 200 ಝೂಜ್ ದಂಡ, ಹಿಂಗೈಯಲ್ಲಿ ಹೊಡೆದರೆ 400. ಮೈಮೇಲೆ ಉಗುಳಿದರೂ, ಸಂತೆಯಲ್ಲಿ ಹೆಂಗಸಿನ ತಲೆಯ ಮುಸುಕು ತೆಗೆದರೂ 400. ಝೂಜ್ ಹೆಚ್ಚುಕಡಿಮೆ ರೋಮನ್ನರ ದಿನಾರಿಯಸ್ ನಾಣ್ಯಕ್ಕೆ ಸಮ. ಮತ್ತಾಯನದೇ ದ್ರಾಕ್ಷಿತೋಟದ ಕಥೆಯಲ್ಲಿ ಅದು ಆಳಿನ ಒಂದು ದಿನದ ಕೂಲಿ. ಅಂದರೆ 400 ಝೂಜ್ ವರ್ಷದ ದುಡಿಮೆಗೂ ಮಿಕ್ಕ ಹಣ.

ಇನ್ನೊಂದು ಕೆನ್ನೆ ಒಡ್ಡಿದಾಗ ಹೊಡೆಯುವವನು ಅಂಗೈಯನ್ನೋ ಮುಷ್ಟಿಯನ್ನೋ ಬಳಸಬೇಕು, ಹಾಗೆ ಹೊಡೆಯುವುದು ಸರೀಕರಿಗೆ ಮಾತ್ರ, ಆದ್ದರಿಂದ ಅವನೇ ಸೋತ ಎಂಬುದು ಉಪಾಯದ ವಾದ. ಜಾಣತನ ಸ್ವಲ್ಪ ಹೆಚ್ಚಾಯಿತು. ಲೂಕನ ಸುವಾರ್ತೆಯಲ್ಲಿ ಇದೇ ಮಾತು ಬಂದಾಗ ‘ಬಲ’ ಎಂಬುದೇ ಇಲ್ಲ. ಗುಟ್ಟೆಲ್ಲ ಆ ಪದದಲ್ಲಿದ್ದಿದ್ದರೆ ಲೂಕ ಅದನ್ನು ಬಿಡುತ್ತಿದ್ದನೇ? ಬೈಬಲಿನ ಪುಟಪುಟದಲ್ಲೂ ಮಾನ-ಅವಮಾನವನ್ನೇ ಕಾಣುವ ವಿದ್ವಾಂಸರ ಬಗ್ಗೆಯೂ ನನಗೆ ಅನುಮಾನವಿದೆ. 1981ರಲ್ಲಿ ಬ್ರೂಸ್ ಮಲೀನಾ ಈ ಬಗೆಯ ಓದನ್ನು ಬಳಕೆಗೆ ತಂದಾಗ ನೆಚ್ಚಿದ್ದು ಇಪ್ಪತ್ತನೇ ಶತಮಾನದ ಮಾನವಶಾಸ್ತ್ರಜ್ಞರನ್ನು. ಅವರು ಕಂಡು ಬರೆದದ್ದು ಸ್ಪೇನ್, ಗ್ರೀಸ್, ಸೈಪ್ರಸ್ಸಿನ ಹಳ್ಳಿಗಳನ್ನು. ಅದನ್ನು ಎರಡು ಸಾವಿರ ವರ್ಷ ಹಿಂದಿನ ಗಲಿಲಾಯಕ್ಕೆ ಸಲೀಸಾಗಿ ತಗುಲಿಸಲಾಗದು. ಮಿಷ್ನಾ ಅದಕ್ಕಿಂತ ಹತ್ತಿರದ ಸಾಕ್ಷಿ.

ದಂಡ ಅವರವರ ಅಂತಸ್ತಿಗೆ ತಕ್ಕಂತೆ ಎಂದು ಮಿಷ್ನಾ ಹೇಳುತ್ತಿದ್ದಂತೆ ಯೆಹೂದ್ಯ ಧರ್ಮಪಂಡಿತ ರಬ್ಬಿ ಅಕೀವ ಅಡ್ಡಬರುತ್ತಾರೆ: ಕಡುಬಡವನನ್ನೂ ಆಸ್ತಿ ಕಳೆದುಕೊಂಡ ಮನೆತನಸ್ಥನೆಂದೇ ಎಣಿಸಬೇಕು, ಎಲ್ಲರೂ ಅಬ್ರಹಾಮನ ಮಕ್ಕಳೇ. ಹೆಂಗಸೊಬ್ಬಳ ಮುಸುಕು ತೆಗೆದವನಿಗೆ ಅವರು 400 ಝೂಜ್ ಹಾಕಿದರಂತೆ. ಅವನು ವಾಯಿದೆ ಕೇಳಿದ. ಅವಳು ತನ್ನ ಅಂಗಳದ ಬಾಗಿಲಲ್ಲಿ ನಿಂತಿದ್ದಾಗ ಚಿಲ್ಲರೆಕಾಸಿನ ಎಣ್ಣೆಯಿದ್ದ ಗಡಿಗೆ ತಂದು ಒಡೆದ. ಎಣ್ಣೆ ಪೋಲಾಗುತ್ತದಲ್ಲ ಎಂದು ಅವಳು ತಾನೇ ಮುಸುಕು ತೆಗೆದು, ಚೆಲ್ಲಿದ್ದನ್ನು ಕೈಯಲ್ಲಿ ಬಳಿದು ತಲೆಗೆ ಹಚ್ಚಿಕೊಂಡಳು. ಅವನು ಸಾಕ್ಷಿಗಳನ್ನು ಕರೆದುಕೊಂಡು ಅಕೀವರ ಬಳಿಗೆ ಹೋಗಿ, ‘ಇಂಥವಳಿಗೆ 400 ಕೊಡಬೇಕೇ?’ ಎಂದ. ಅಕೀವ ಜಗ್ಗಲಿಲ್ಲ. ತನಗೆ ತಾನೇ ಹಾನಿ ಮಾಡಿಕೊಳ್ಳುವುದು ಸರಿಯಲ್ಲದಿದ್ದರೂ ಅದಕ್ಕೆ ದಂಡವಿಲ್ಲ. ಬೇರೆಯವರು ಮಾಡಿದರೆ ದಂಡ ತಪ್ಪದು.

ಎರಡನೆಯ ಕೆನ್ನೆಯನ್ನು ನಾನು ಈ ಕಥೆಯ ಪಕ್ಕದಲ್ಲಿಟ್ಟು ಓದುತ್ತೇನೆ. ಮೊದಲ ಪೆಟ್ಟಿನಲ್ಲಿ ಮಾನ ಇನ್ನೊಬ್ಬ ಕಿತ್ತುಕೊಂಡದ್ದು, ಎರಡನೆಯ ಕೆನ್ನೆ ತಾನಾಗಿ ಒಡ್ಡಿದ್ದು. ದರಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮಾನದ ಲೇವಾದೇವಿಯಿಂದಲೇ ಎದ್ದು ಹೊರಗೆ ಬಂದವನ ನಡೆ ಅದು.

ಸುಮ್ಮನೆ ಪೆಟ್ಟು ತಿನ್ನುತ್ತಾ ನಿಲ್ಲು ಎಂದು ಅದರ ಅರ್ಥವೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಯೋಹಾನನ 18ನೇ ಅಧ್ಯಾಯ ಓದಿ. ಮಹಾಯಾಜಕನೆದುರು ಕಾವಲಿನವನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಕೆನ್ನೆ ತಿರುಗಿಸಿದರೆಂದು ಅಲ್ಲಿಲ್ಲ, ಕೈಯೆತ್ತಿದರೆಂದೂ ಇಲ್ಲ. ನಾನಾಡಿದ್ದು ತಪ್ಪಾದರೆ ತಪ್ಪೇನೆಂದು ತೋರಿಸು, ಇಲ್ಲವಾದರೆ ಯಾಕೆ ಹೊಡೆದೆ ಎಂದು ಕೇಳಿದರು. ಹೊಡೆದವನು ಏನು ಉತ್ತರ ಕೊಟ್ಟನೆಂದು ಯೋಹಾನ ಬರೆದಿಲ್ಲ.

– ಸಂಪಾದಕ